ರಥಸಪ್ತಮಿಗೆ ಎಕ್ಕದ ಎಲೆ ಎಲ್ಲೆಲ್ಲಿ ಇಡಬೇಕು?

ಪ್ರಶ್ನೆ: ಮದುವೆಯಾದ ಮೇಲೆ ಇದು ನನ್ನ ಮೊದಲ ರಥಸಪ್ತಮಿ. ಚಿಕ್ಕವಳಿದ್ದಾಗ ಅಜ್ಜಿ ಎಕ್ಕದ ಎಲೆ ಇಟ್ಟು ನೀರು ಹಾಕುತ್ತಿದ್ದದ್ದು ನೆನಪಿದೆ, ಎಷ್ಟು ಎಲೆ, ಎಲ್ಲೆಲ್ಲಿ ಅಂತ ಮರೆತುಹೋಗಿದೆ. ದಿನಾಂಕ ಯಾಕೆ ಪ್ರತಿ ವರ್ಷ ಬದಲಾಗುತ್ತದೆ?

ಉತ್ತರ 1: ಏಳು ಎಲೆ. ನಮ್ಮ ಮನೆಯಲ್ಲಿ ತಲೆಗೆ ಒಂದು, ಭುಜ, ಮಂಡಿ, ಪಾದಗಳಿಗೆ ಎರಡೆರಡು. ಎಲೆ ಕಿತ್ತಾಗ ಬರುವ ಹಾಲು ಕಣ್ಣಿಗೆ ತಾಗಿದರೆ ಅಪಾಯ, ಆದ್ದರಿಂದ ಮಕ್ಕಳ ಕೈಗೆ ಕೊಡದೆ ನೀವೇ ಚೆನ್ನಾಗಿ ತೊಳೆದು ಇಡಿ.

ಉತ್ತರ 2: ಮಾಘ ಶುದ್ಧ ಸಪ್ತಮಿ ಅಲ್ವಾ, ಚಾಂದ್ರಮಾನದ ಲೆಕ್ಕ. 2025ರಲ್ಲಿ ಫೆಬ್ರವರಿ 4, 2026ರಲ್ಲಿ ಜನವರಿ 25. ಸಂಕ್ರಾಂತಿ ಸೂರ್ಯನ ಲೆಕ್ಕ, ಜಾಸ್ತಿ ಕದಲುವುದಿಲ್ಲ.

ಉತ್ತರ 3: ಸ್ನಾನ ಆದ ಮೇಲೆ ರಥದ ರಂಗೋಲಿ ಬಿಟ್ಟು, ಬಿಸಿಲಲ್ಲಿ ಹಾಲು ಉಕ್ಕಿಸಿ, ಪಾಯಸ ಮಾಡಿ ಸೂರ್ಯನಿಗೆ ನೈವೇದ್ಯ ಇಡಿ. ಅಂಗಳ ಇಲ್ಲದಿದ್ದರೆ ಬಾಲ್ಕನಿಯೂ ಆಗುತ್ತದೆ.