ಮಾದರಿ: ಸ್ಯಾಂಪಲ್ಲೋ, ಮಾಡೆಲ್ಲೋ?

ನಮಸ್ಕಾರ. ಚಿನ್ನದ ಹುಡುಕಾಟದ ಬಗ್ಗೆ ಹೈಸ್ಕೂಲು ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ವಾಕ್ಯ ಹೀಗೆ ಬಂತು: ‘ಮಾದರಿ ತೋರಿಸಿದ ಜಾಗದಲ್ಲಿ ಬೋರ್ ಕೊರೆದು ಮಾದರಿ ತೆಗೆದರು.’ ಮೊದಲನೆಯದು ಕಂಪ್ಯೂಟರಿನಲ್ಲಿರುವುದು, ಎರಡನೆಯದು ಕೈಯಲ್ಲಿ ಹಿಡಿಯುವ ಕಲ್ಲು. ಓದುವ ಮಕ್ಕಳಿಗೆ ಗೊಂದಲ ಅಲ್ವಾ?

ವಿಷಯ ಇದು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಸ್ಟಾವೆಲ್ ಅಂತ ಊರು. ಅಲ್ಲಿ ಚಿನ್ನ ಸಿಗುವುದು ಮ್ಯಾಗ್ಡಲಾ ಎಂಬ ಬಸಾಲ್ಟ್ (ಲಾವಾ ಆರಿ ಆದ ಕಪ್ಪು ಕಲ್ಲು) ಗುಮ್ಮಟದ ಪಕ್ಕೆಗಳಲ್ಲಿ. ಗುಮ್ಮಟ ಅಂದರೆ ನೆಲದ ಮೇಲೆ ಕಾಣುವಂಥದ್ದಲ್ಲ, ಒಳಗೇ ಉಬ್ಬಿ ನಿಂತ ಗಟ್ಟಿ ಕಲ್ಲು. ಉತ್ತರಕ್ಕೆ ಹೋದರೆ ಇಂಥವೇ ಇನ್ನೂ ಇವೆ, ಆದರೆ ಮರ್ರಿ ಬೇಸಿನ್ ಎಂಬ ದೊಡ್ಡ ತಗ್ಗು ಪ್ರದೇಶದ ಹೂಳು ಎಲ್ಲವನ್ನೂ ಮುಚ್ಚಿದೆ. ಅದಕ್ಕೇ ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒದ ಸಂಶೋಧಕರು ಗುಮ್ಮಟದ ಆಕಾರ, ಸುತ್ತಲಿನ ಮೆತ್ತನೆ ಕಲ್ಲು, ಒತ್ತಡ ಬಂದ ದಿಕ್ಕು ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟು, ಸುಮಾರು 44 ಕೋಟಿ ವರ್ಷಗಳ ಹಿಂದೆ ನೆಲ ಅದುಮಿದಾಗ ಕಲ್ಲು ಎಲ್ಲೆಲ್ಲಿ ಬಾಯಿಬಿಟ್ಟಿತು, ಚಿನ್ನ ಹೊತ್ತ ಬಿಸಿನೀರು ಯಾವ ಕಡೆ ನುಗ್ಗಿತು ಅಂತ ಮತ್ತೆ ನಡೆಸಿ ನೋಡಿದರು. ಇದರಿಂದ ಸಿಗುವ ಉತ್ತರ ‘ಇಲ್ಲಿ ಇಷ್ಟು ಚಿನ್ನ ಇದೆ’ ಅಂತಲ್ಲ, ‘ಕೊರೆಯುವುದಾದರೆ ಈ ಪಕ್ಕೆಯನ್ನು ಮೊದಲು ಕೊರೆಯಿರಿ’ ಅಂತ.

ಇನ್ನೊಂದು ತೊಡಕಿದೆ. ಗಣಿಯವರು ಬೋರಿನ ಅಂಕಿಗಳಿಂದ ಅದಿರಿನ ಆಕಾರ ಕಟ್ಟುತ್ತಾರಲ್ಲ, ಅದಕ್ಕೂ ಮಾಡೆಲ್ ಅಂತಲೇ ಹೆಸರು. ಅದು ಈಗ ಇರುವುದರ ಚಿತ್ರ. ಸ್ಟಾವೆಲ್‌ನದು ಆಗಿಹೋದದ್ದನ್ನು ಮತ್ತೆ ನಡೆಸುವುದು. ಎರಡಕ್ಕೂ ಮಾದರಿ ಅಂದುಬಿಟ್ಟರೆ ಲೇಖನವೇ ಕೆಟ್ಟಿತು.

ಹೀಗೆ ಕಂಪ್ಯೂಟರಿನಲ್ಲಿ ಮತ್ತೆ ನಡೆಸುವುದಕ್ಕೆ ಇಂಗ್ಲಿಷಿನಲ್ಲಿ ಸಿಮ್ಯುಲೇಶನ್ ಅಂತಾರೆ. ಅದಕ್ಕೆ ‘ಅನುಕರಣೆ’ ಅಂದರೆ ಮಿಮಿಕ್ರಿ ನೆನಪಾಗುತ್ತದೆ. ಪತ್ರಿಕೆಗಳ ‘ಅಣಕು’ ಮತದಾನಕ್ಕೆ, ಕಾರ್ಯಾಚರಣೆಗೆ ಸರಿ, ಬೆಟ್ಟ ಹುಟ್ಟುವುದಕ್ಕೆ ಹಾಕಿದರೆ ಯಾಕೋ ತಮಾಷೆ. ‘ನಮೂನೆ’ಯಂತೂ ಸರ್ಕಾರಿ ಅರ್ಜಿಯ ಪಾಲಾಗಿದೆ.

ನನ್ನ ಒಲವು: ಮಾದರಿ ಸ್ಯಾಂಪಲ್ಲಿಗೇ ಇರಲಿ. ಪರೀಕ್ಷೆಗೆ ಮಣ್ಣಿನ ಮಾದರಿ ಕೊಡುವ ರೈತರಿಗೂ ಅದೇ ಗೊತ್ತು. ಮಾಡೆಲ್ಲನ್ನು ಸುಮ್ನೆ ಮಾಡೆಲ್ ಅನ್ನೋಣ. ಸಿಮ್ಯುಲೇಶನ್‌ಗೆ ‘ನಡೆಸಿ ನೋಡುವುದು’ ಅಂತ ಬಿಡಿಸಿ ಬರೆದಿದ್ದೇನೆ, ವಾಕ್ಯದೊಳಗೆ ಚೆನ್ನಾಗಿಯೇ ಕೂರುತ್ತದೆ, ಆದರೆ ತಲೆಬರಹಕ್ಕೆ ಒಂದು ಚಿಕ್ಕ ಪದ ಬೇಕು. ಏನಾದರೂ ಹೊಳೆಯುತ್ತದೆಯೇ?

ಹಟ್ಟಿಯ ಚಿನ್ನವೂ ಸುಮಾರು 250 ಕೋಟಿ ವರ್ಷಗಳ ಹಿಂದೆ ಹೀಗೇ ಬಿಸಿನೀರು ಬಿರುಕುಗಳಲ್ಲಿ ಬಿಟ್ಟುಹೋದದ್ದು. ಅಲ್ಲಿ ದುಡಿದವರು ಯಾರಾದರೂ ಇದ್ದರೆ ಹೇಳಿ, ಕಲ್ಲಿನೊಳಗಿನ ಚಿನ್ನದ ಪಟ್ಟೆಗೆ ರೀಫ್ ಅನ್ನುವುದು ಗೊತ್ತು, ಬೋರಿನಿಂದ ಬರುವ ಉದ್ದನೆ ಕಲ್ಲಿಗೆ ನಿಮ್ಮಲ್ಲಿ ಏನನ್ನುತ್ತಾರೆ?