ಚರ್ಚ್ ಅಂಗಳದ ಆಲದ ಮರ: ಕಡಿಸುವ ಮೊದಲು ಬಿಳಲುಗಳು ನೆಲ ಮುಟ್ಟಲಿ

ಮೂರನೇ ಅಡ್ಡರಸ್ತೆಯ ನಿವಾಸಿ:
ಬಡಾವಣೆಯ ಎಲ್ಲ ಹಿರಿಯರಿಗೆ, ಅಕ್ಕ-ತಂಗಿಯರಿಗೆ ನಮಸ್ಕಾರ. ಶುಕ್ರವಾರದ ಗಾಳಿಗೆ ಹಳೆಯ ಚರ್ಚಿನ ಆಲದ ಟೊಂಗೆಯೊಂದು ಮುರಿದು ಕಾಂಪೌಂಡಿನ ಮೇಲೆ ಬಿದ್ದಂದಿನಿಂದ, ಮರವನ್ನೇ ಕಡಿಸಬೇಕೆಂದು ಸಹಿ ಸಂಗ್ರಹ ನಡೆದಿದೆ. ಸಹಿ ಮಾಡುವ ಮೊದಲು ಇದನ್ನೊಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಈ ಜಾಗ ಬೆಳಗಾವಿಯೊಳಗೆ ಸೇರುವ ಮೊದಲು ಹಳ್ಳಿಯಾಗಿದ್ದಾಗಿನಿಂದಲೂ ಆ ಮರ ಅಲ್ಲಿದೆ. ಮಳೆ ನಿಂತು ಎಷ್ಟೋ ಹೊತ್ತಾದ ಮೇಲೂ ಬಿಳಲುಗಳ ತುದಿಯಿಂದ ಹನಿ ತೊಟ್ಟಿಕ್ಕುವುದರಿಂದ ಹಳೆಯ ಮಂದಿ ಅದನ್ನು ಅಳುವ ಆಲ ಎನ್ನುತ್ತಾರೆ. ನಿನ್ನೆ ಫಾದರ್ ಅವರ ಒಪ್ಪಿಗೆ ಪಡೆದು ಒಂದು ಗಂಟೆ ಅದರ ಕೆಳಗೆ ನಿಂತು ನೋಡಿದೆ. ಸಮಾಧಿಗಳ ಕಡೆ ಚಾಚಿದ ಟೊಂಗೆಗಳಿಂದ ಬಿಳಲುಗಳು ನೆಲಕ್ಕಿಳಿದು, ತೊಡೆಯಷ್ಟು ದಪ್ಪವಾಗಿ, ಕಂಬ ಕೊಟ್ಟಂತೆ ನಿಂತಿವೆ. ಅಲ್ಲಿ ಒಂದು ಟೊಂಗೆಯಲ್ಲೂ ಬಿರುಕು ಕಾಣಲಿಲ್ಲ. ರಸ್ತೆಯ ಕಡೆಯ ಬಿಳಲುಗಳನ್ನು ಮಾತ್ರ, ಅಂದ ಕೆಡುತ್ತದೆಂದು ವರ್ಷ ವರ್ಷವೂ ಆಳೆತ್ತರಕ್ಕೆ ಸಮನಾಗಿ ಕತ್ತರಿಸುತ್ತ ಬರಲಾಗಿದೆ. ಕತ್ತರಿಸಿದ ತುದಿಯಲ್ಲಿ ಹಾಲು ಒಣಗಿ ಕಪ್ಪಾಗಿದೆ, ಪಕ್ಕದಿಂದಲೇ ಕಸಬರಿಗೆಯ ಕಡ್ಡಿಗಳಂತೆ ಹೊಸ ಎಳೆ ಬೇರುಗಳು ಹೊರಟಿವೆ. ಮುರಿದದ್ದು ಈ ಕಡೆಯ ಟೊಂಗೆಯೇ. ಟೊಂಗೆ ಉದ್ದವಾಗುತ್ತ, ಭಾರವಾಗುತ್ತ ಹೋಯಿತು. ಅದನ್ನು ಹೊರಬೇಕಾದ ಕಂಬಗಳನ್ನು ನಾವೇ ಬೆಳೆಯಗೊಡಲಿಲ್ಲ.

ಬಿಳಲಿನ ಶಕ್ತಿ ಎಷ್ಟೆಂಬುದಕ್ಕೆ ಕೋಲ್ಕತ್ತದ ಬಳಿಯ ಶಿಬಪುರದ ಸಸ್ಯೋದ್ಯಾನದ ದೊಡ್ಡ ಆಲವನ್ನು ನೋಡಬೇಕು. 1864 ಮತ್ತು 1867ರ ಚಂಡಮಾರುತಗಳಿಂದ ಪೆಟ್ಟು ತಿಂದು, ಬೂಷ್ಟು ಹಿಡಿದ ಅದರ ಮುಖ್ಯ ಕಾಂಡವನ್ನು 1925ರಲ್ಲಿ ತೆಗೆದುಹಾಕಿದರು. ಇಂದಿಗೂ ಆ ಮರ ಬಿಳಲುಗಳ ಮೇಲೆಯೇ ನಿಂತು ಹಬ್ಬುತ್ತಿದೆ. ತೆಲಂಗಾಣದ ಮಹಬೂಬ್‌ನಗರದ ಪಿಲ್ಲಲಮರ್ರಿ ಆಲಕ್ಕೆ ಗೆದ್ದಲು ಹತ್ತಿದಾಗ, 2018ರಲ್ಲಿ ಸಲೈನ್ ಬಾಟಲಿಗಳಿಂದ ಔಷಧಿ ಹನಿಸಿ, ಬಿಳಲುಗಳನ್ನು ಕೊಳವೆಗಳಲ್ಲಿ ನೆಲಕ್ಕಿಳಿಸಿ ಉಳಿಸಿಕೊಂಡರು. ನಮ್ಮ ಮರಕ್ಕೆ ಅಂಥ ರೋಗವೇನೂ ಕಾಣುವುದಿಲ್ಲ.

ಚರ್ಚ್ ಎದುರಿನ ಮನೆಯವರು:
ಅಣ್ಣಾವರೇ, ಮರದ ಮೇಲೆ ನನಗೂ ಪ್ರೀತಿಯಿದೆ. ಆದರೆ ನನ್ನ ಮಗಳ ಮಕ್ಕಳು ದಿನಾಲೂ ಆ ಟೊಂಗೆಯ ಕೆಳಗೆ ಶಾಲೆಯ ವ್ಯಾನಿಗಾಗಿ ನಿಲ್ಲುತ್ತಾರೆ. ಬಿಳಲು ಇಳಿದು ದಪ್ಪವಾಗುವವರೆಗೆ ಗಾಳಿ ಕಾಯುತ್ತದೆಯೇ?

ಮೂರನೇ ಅಡ್ಡರಸ್ತೆಯ ನಿವಾಸಿ:
ಅಕ್ಕಾವರೇ, ನಿಮ್ಮ ಭಯ ಸರಿಯಾದದ್ದೇ. ನಾಳೆಯಿಂದಲೇ ವ್ಯಾನು ಹನುಮಪ್ಪನ ಗುಡಿಯ ತಿರುವಿನಲ್ಲಿ ನಿಲ್ಲಲಿ. ಚಾಲಕರೊಂದಿಗೆ ನಾನು ಮಾತನಾಡುತ್ತೇನೆ. ಬಿರುಕು ಬಿಟ್ಟ ಇನ್ನೆರಡು ಟೊಂಗೆಗಳ ಭಾರವನ್ನು ಮಳೆಗಾಲಕ್ಕೆ ಮುನ್ನ ಇಳಿಸಲೇಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಖಾಸಗಿ ಜಾಗದ ಮರವನ್ನು ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಆದ್ದರಿಂದ ಕೊಡಲಿ ಹಿಡಿದವರನ್ನು ನೇರವಾಗಿ ಕರೆಸದೆ, ಮರವನ್ನು ಪರಿಶೀಲಿಸಿ ಎಷ್ಟು ಕತ್ತರಿಸಬೇಕೆಂದು ತಿಳಿಸುವಂತೆ ಮೊದಲು ಅರ್ಜಿ ಕೊಡೋಣ.

ರಸ್ತೆಯ ಮೇಲೆಯೇ ತೂಗುವ ಬಿಳಲುಗಳನ್ನು ಇಳಿಸಲು ಬರುವುದಿಲ್ಲ, ಅದನ್ನು ಒಪ್ಪುತ್ತೇನೆ. ಕಾಂಪೌಂಡಿನ ಒಳಬದಿಯಲ್ಲಿ ಹನ್ನೊಂದು ಬಿಳಲುಗಳನ್ನು ಎಣಿಸಿದ್ದೇನೆ. ಬೊಂಬನ್ನು ಉದ್ದಕ್ಕೆ ಸೀಳಿ, ಗಂಟು ತೆಗೆದು, ಮರಳು ಬೆರೆತ ಮಣ್ಣು ಮತ್ತು ಕೊಳೆತ ಸಗಣಿ ಗೊಬ್ಬರ ತುಂಬಿ, ಬಿಳಲನ್ನು ಅದರೊಳಗೆ ಕೂರಿಸಿ ಕಟ್ಟಿ, ಕೆಳತುದಿಯನ್ನು ನೆಲದಲ್ಲಿ ಹೂಳಬೇಕು. ತೇವ ಆರಬಾರದು. ಮೃಗಶಿರಾ ಮಳೆ ಹಿಡಿಯುವುದರೊಳಗೆ ಕಟ್ಟಿದರೆ ನೀರು ಹಾಕುವ ಕೆಲಸವನ್ನು ಮಳೆಯೇ ಮಾಡುತ್ತದೆ.

ಚರ್ಚ್ ಸಮಿತಿಯ ಸದಸ್ಯರು:
ಸಮಿತಿ ಒಪ್ಪಿದೆ. ಬುಡದ ಸುತ್ತ ಹಾಸಿದ ಸಿಮೆಂಟ್ ಇಟ್ಟಿಗೆಗಳನ್ನೂ ಕೀಳಿಸುತ್ತೇವೆ, ಬೇರಿಗೆ ನೀರು ಇಳಿಯಲಿ. ಒಂದೇ ವಿನಂತಿ: ಗೋಡೆಯ ಪಕ್ಕದ ಎರಡು ಸಮಾಧಿಗಳಿಗೆ ನವೆಂಬರ್ 2ರಂದು ಮನೆಯವರು ಬಂದು ಮೇಣದಬತ್ತಿ ಹಚ್ಚುತ್ತಾರೆ, ಅಲ್ಲಿ ಬೊಂಬು ಹೂಳುವುದು ಬೇಡ.

ಮೂರನೇ ಅಡ್ಡರಸ್ತೆಯ ನಿವಾಸಿ:
ಆಗಲಿ, ಆ ಎರಡನ್ನು ಬಿಟ್ಟು ಒಂಬತ್ತನ್ನೇ ಕಟ್ಟೋಣ. ಅರ್ಜಿಯ ಕರಡನ್ನು ಇಂದು ರಾತ್ರಿ ಹಾಕುತ್ತೇನೆ. ಭಾನುವಾರ ಪೂಜೆ ಮುಗಿದ ಮೇಲೆ ಹತ್ತು ಗಂಟೆಗೆ ಅಂಗಳದಲ್ಲಿ ಸೇರೋಣ. ಏಣಿ ನಮ್ಮ ಮನೆಯಲ್ಲಿದೆ, ಸಗಣಿ ಗೊಬ್ಬರ ಯಾರಾದರೂ ತರಬೇಕು.