ಸಂಘದಲ್ಲಿ ಎರಡನೇ ಸಾಲಿನ ನಾಯಕಿಯರನ್ನು ಬೆಳೆಸುವುದು ಹೇಗೆ?

ಪ್ರಶ್ನೆ: 15 ಸದಸ್ಯೆಯರ ಸಂಜೀವಿನಿ ಸ್ವಸಹಾಯ ಸಂಘ. ಪ್ರತಿನಿಧಿಗಳನ್ನು (ಸಂಘ ನಡೆಸಿ, ಬ್ಯಾಂಕ್ ಖಾತೆಗೆ ಸಹಿ ಹಾಕುವವರನ್ನು) ಬದಲಿಸೋಣ ಎಂದರೆ ಎಲ್ಲರೂ ‘ನೀವೇ ಮುಂದುವರಿಸಿ’ ಅನ್ನುತ್ತಾರೆ. ಹೊಸಬರನ್ನು ತಯಾರು ಮಾಡುವ ಕ್ರಮವೇನು?

ಉತ್ತರ 1: ಹಿಂಜರಿಕೆಗೆ ಕಾರಣ ಸಾಮಾನ್ಯವಾಗಿ ಲೆಕ್ಕ ಮತ್ತು ಬ್ಯಾಂಕಿನ ಭಯ. ಹಾಗಾಗಿ ಕೆಲಸ ಮೊದಲು ಕೊಡಿ, ಹುದ್ದೆ ಆಮೇಲೆ. ವಾರದ ಸಭೆಯನ್ನು ಸರದಿಯಂತೆ ಒಬ್ಬೊಬ್ಬರು ನಡೆಸಲಿ: ಹಾಜರಾತಿ, ಉಳಿತಾಯ, ಮರುಪಾವತಿ, ಹೊಸ ಸಾಲದ ಬೇಡಿಕೆ, ನಡಾವಳಿ ಓದಿ ಸಹಿ. ಹಳೆಯ ಪ್ರತಿನಿಧಿ ಪಕ್ಕದಲ್ಲೇ ಕೂತು ಬಾಯಿ ಮುಚ್ಚಿಕೊಂಡಿರಬೇಕು (ಕಷ್ಟ ಇರುವುದೇ ಇಲ್ಲಿ!). ತಪ್ಪನ್ನು ಸಭೆ ಮುಗಿದ ಮೇಲೆ ತಿದ್ದಿ, ಎಲ್ಲರೆದುರು ಬೇಡ. ಬ್ಯಾಂಕಿಗೆ ಹೋಗುವಾಗ ಪ್ರತಿ ಸಲ ಹೊಸಬರೊಬ್ಬರು ಜೊತೆಗಿರಲಿ, ಚಲನ್ ಅವರೇ ತುಂಬಲಿ.

ಉತ್ತರ 2: ಸರಿ. ಆದರೆ ಪುಸ್ತಕ ಬರೆಯುವವರನ್ನೂ ಪ್ರತಿನಿಧಿಗಳನ್ನೂ ಒಟ್ಟಿಗೇ ಬದಲಿಸಬೇಡಿ, ಲೆಕ್ಕದ ಕೊಂಡಿ ತಪ್ಪುತ್ತದೆ. ಮೊದಲು ನಗದು ಪುಸ್ತಕ, ಪಾಸ್‌ಬುಕ್, ಕೈಯಲ್ಲಿರುವ ಹಣ ತಾಳೆ ನೋಡಿ. ಆಮೇಲೆ ಠರಾವು ಬರೆದು, ಎಲ್ಲರ ಸಹಿ ಹಾಕಿಸಿ, ಹೊಸಬರ ಗುರುತಿನ ದಾಖಲೆ, ಫೋಟೋ ಸಮೇತ ಬ್ಯಾಂಕಿಗೆ ಕೊಡಿ. ಖಾತೆಯಲ್ಲಿ ಸಹಿ ಬದಲಾಗದಿದ್ದರೆ ಹೊಸ ನಾಯಕಿ ಹೆಸರಿಗಷ್ಟೇ.

ಪ್ರಶ್ನೆ ಕೇಳಿದವರು: ಓದು ಬಾರದವರಿದ್ದರೆ?

ಉತ್ತರ 1: ಸಭೆ ನಡೆಸಲು ಅಕ್ಷರ ಬೇಕಿಲ್ಲ. ಬರೆಯುವುದನ್ನು ಬೇರೆಯವರಿಗೆ ಬಿಡಿ. ಕೊನೆಗೆ ಒಟ್ಟು ಮೊತ್ತವನ್ನು ಗಟ್ಟಿಯಾಗಿ ಓದಿಸಿ, ಹಣ ಮಾತ್ರ ಸಭೆ ನಡೆಸಿದವರೇ ಎಲ್ಲರೆದುರು ಎಣಿಸಲಿ.